ವಿರಾಮದ ನಂತರ ನುಡಿಸಿದ್ದು

ಮಾರ್ಚ್ 3

ಅಪ್ಪಾ,

ಕ್ಷೇಮ ಸಮಾಚಾರವನ್ನೆಲ್ಲ ಅತ್ತೆಗೆ ಫೋನಿನಲ್ಲಿ ಒಪ್ಪಿಸಿಯಾಗಿದೆ. ಅವಳು ನಿನಗೆ ಅರ್ಧ ನುಂಗಿ ಅರ್ಧ ಹೇಳಿರುತ್ತಾಳೆ. ನೀನಂತೂ ಫೋನಿಗೆ ಬಾ ಎಂದರೆ ಬರುವವನಲ್ಲ. ಪಿಯಾನೋ ಶ್ರುತಿ ಮಾಡುವವನ ಕಿವಿಗೆ ತಗಡಿನ ಡಬ್ಬದೊಳಗಿಂದ ಬರುವ ಮಗಳ ದನಿ ಅವಮಾನ. ಹಾಗಾಗಿ ಈ ಕಾಲದಲ್ಲೂ ನಾನು ಲಕೋಟೆಗೆ ಅಂಟು ಸವರುತ್ತ ಕೂರಬೇಕು. ನಮ್ಮ ವಾದ್ಯವೃಂದದಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ.

ವಿಷಯಕ್ಕೆ ಬರುತ್ತೇನೆ. ಇದೇ ಹದಿನಾಲ್ಕರ ಸಂಜೆ ನಮ್ಮ ಕಾರ್ಯಕ್ರಮವಿದೆ. ವಿರಾಮದ ನಂತರದ ಭಾಗವನ್ನು ರೇಡಿಯೋದವರು ನೇರವಾಗಿ ಹಾಕುತ್ತಾರೆ. ಅದರಲ್ಲಿ ಏನು ಗೊತ್ತೇ? ದೋಣಿ! ಆ ಸಿಂಫನಿಯ ನಿಧಾನದ ಭಾಗ ಕೇಳಿ ನೀನು ಒಮ್ಮೆ, ಕಟ್ಟಿಹಾಕಿದ ದೋಣಿ ನೀರಿನಲ್ಲಿ ಅಲ್ಲಾಡಿದ ಹಾಗಿದೆ ಎಂದಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಇಡೀ ಸಿಂಫನಿಗೆ ಅದೇ ಹೆಸರು. ನಾನು ಇಲ್ಲಿಯೂ ಬಾಯಿತಪ್ಪಿ ಹಾಗೇ ಕರೆದು ನಗೆಪಾಟಲಾಗಿದ್ದೇನೆ. ವೃಂದ ಸೇರಿದ ಮೇಲೆ ನಾನು ದೋಣಿ ನುಡಿಸುತ್ತಿರುವುದು ಇದೇ ಮೊದಲು. ಕೊನೆಯ ಸಾಲಿನ ವಯಲಿನ್ನಾದರೇನು, ಪಿಯಾನೋದ ಅಷ್ಟೊಂದು ತಂತಿಗಳಲ್ಲಿ ಸಡಿಲವಾದದ್ದು ಯಾವುದೆಂದು ಹೇಳುವವನಿಗೆ ಮಗಳ ಕಮಾನಿನ ದನಿ ಸಿಗದೆ ಹೋಗುತ್ತದೆಯೇ?

ಮೊದಲ ಭಾಗದಲ್ಲಿ ಬೇರೇನೋ ಇದೆ. ಅದರ ಗೊಡವೆ ನಿನಗೆ ಬೇಡ. ಅದನ್ನು ಅಭ್ಯಾಸ ಮಾಡಿ ಮಾಡಿ ನನಗೆ ತಲೆ ಚಿಟ್ಟು ಹಿಡಿದಿದೆ. ಎದುರಿಗೆ ಸಿಕ್ಕಾಗ ಹೇಳುತ್ತೇನೆ, ಬರೆದರೆ ಬೈಯುತ್ತೀಯ.

ರೇಡಿಯೋ ಮುಂದೆ ಕೂರುವಾಗ ಸ್ವೆಟರ್ ಹಾಕಿಕೋ. ಅತ್ತೆಯನ್ನೂ ಕೂರಿಸಿಕೋ.

ನಿನ್ನ
ಗುಬ್ಬಿ


ಮಾರ್ಚ್ 15

ಗುಬ್ಬೀ,

ಆಶೀರ್ವಾದ. ಕೇಳಿದೆ. ಚೆನ್ನಾಗಿತ್ತು. ಎಲ್ಲರೂ ಕಷ್ಟಪಟ್ಟು ನುಡಿಸಿದ್ದು ಗೊತ್ತಾಗುತ್ತಿತ್ತು. ರೇಡಿಯೋದಲ್ಲಿ ಮಾತಿನವನು ಬಂದಾಗ ಎಂದಿನಂತೆ ಅದರ ದನಿ ತಗ್ಗಿಸಿದೆ. ನೀವು ಶುರುಮಾಡಿದ ಮೇಲೆ ಏರಿಸಿ ಕೊನೆಯವರೆಗೂ ಅಲುಗದೆ ಕೂತಿದ್ದೆ. ಮುಗಿದ ತಕ್ಷಣ ಆರಿಸಿದೆ, ಚಪ್ಪಾಳೆ ಕೇಳಲಿಲ್ಲ. ನಿನ್ನ ಅತ್ತೆ ಹೆಣಿಗೆ ಹಿಡಿದು ಪಕ್ಕದಲ್ಲೇ ಇದ್ದಳು. ಅವಳಿಗೂ ಹಿಡಿಸಿತಂತೆ.

ಈ ವಾರ ಕೆಲಸಕ್ಕೆ ಹೋಗುತ್ತಿಲ್ಲ. ಚಳಿ ಜಾಸ್ತಿ. ಶಾಲೆಯ ಪಿಯಾನೋ ಒಂದು ಬಾಕಿ ಇತ್ತು, ಅದನ್ನು ಬೇರೆಯವರಿಗೆ ಹೇಳಿದ್ದೇನೆ. ಬೆನ್ನೂ ಸ್ವಲ್ಪ ಹಿಡಿದುಕೊಂಡಿದೆ. ಗಾಬರಿಯಾಗುವಂಥದ್ದೇನಿಲ್ಲ.

ಬೆರಳುಗಳನ್ನು ಬೆಚ್ಚಗಿಟ್ಟುಕೋ. ನೀನು ಚೆನ್ನಾಗಿ ನುಡಿಸುತ್ತೀಯ. ಇದನ್ನು ನಾನು ಬಾಯಿಬಿಟ್ಟು ಹೇಳಿದವನಲ್ಲ, ಈಗ ಹೇಳಬೇಕೆನಿಸಿತು.

ಅಪ್ಪ


ಮಾರ್ಚ್ 19

ಅಪ್ಪಾ, ನನ್ನ ಮುದ್ದಿನ ಅಪ್ಪಾ,

ನಿನ್ನ ಪತ್ರ ಓದಿ ಅಭ್ಯಾಸದ ಕೋಣೆಯಲ್ಲೇ ಕುಣಿದಾಡಿಬಿಟ್ಟೆ. ಪಕ್ಕದ ಕುರ್ಚಿಯ ವಯಲಿನ್ನಿನವಳು, "ಏನೇ ಇದು, ಲಾಟರಿ ಹೊಡೀತಾ?" ಎಂದಳು. "ನಮ್ಮಪ್ಪನಿಗೆ ಇಷ್ಟ ಆಯ್ತಂತೆ ಕಣೇ!" ಎಂದೆ. ಅವಳು ನಂಬಲಿಲ್ಲ. ನಂಬುವುದಾದರೂ ಹೇಗೆ? ಅವತ್ತು ಸಭಾಂಗಣದಲ್ಲಿ ಕೂತಿದ್ದ ಅಷ್ಟು ಜನರಲ್ಲಿ ಇಷ್ಟವಾಯಿತು ಎಂದು ನಮ್ಮ ಮುಖಕ್ಕೆ ಹೇಳಿದವರು ಒಬ್ಬರೂ ಇಲ್ಲ.

ದೋಣಿ ಎಂದು ನಿನಗೆ ಆಸೆ ತೋರಿಸಿ, ಮೊದಲ ಭಾಗದಲ್ಲಿರಬೇಕಿದ್ದ ಈ ಹೊಸ ಕೃತಿಯನ್ನು ತಲೆಗೆ ಕಟ್ಟಿದೆವಲ್ಲ ಎಂದು ಅವತ್ತಿಡೀ ಒಳಗೊಳಗೇ ಸಾಯುತ್ತಿದ್ದೆ. ಕ್ರಮ ತಿರುಗುಮುರುಗಾದದ್ದು ಅದೇ ದಿನ ಮಧ್ಯಾಹ್ನ. ಹೊಸ ಕೃತಿಗೆ ನಮ್ಮಲ್ಲಿ ಅರ್ಧ ಜನ ತಂತಿಗಳನ್ನು ಕಾಲು ಸ್ವರದಷ್ಟು ಇಳಿಸಿಕೊಳ್ಳಬೇಕು. (ಇದಕ್ಕೇ ನೀನು ಬೈಯುತ್ತೀಯ ಎಂದು ಮೊದಲು ಬರೆದಿರಲಿಲ್ಲ.) ಮೊದಲು ಅದನ್ನು ನುಡಿಸಿ ವಿರಾಮದಲ್ಲಿ ಮತ್ತೆ ಬಿಗಿದುಕೊಂಡರೆ ತಂತಿ ನಿಲ್ಲುವುದಿಲ್ಲ, ದೋಣಿ ನಡುವೆಯೇ ಜಾರಲು ಶುರುವಾಗುತ್ತದೆ. ಕೊನೆಗೆ ನಮ್ಮ ಕಂಡಕ್ಟರು, ಅದೇ ನಿನ್ನ "ಟಿಕೆಟ್ ಕೊಡದ ಕಂಡಕ್ಟರು", ದೋಣಿ ವಿರಾಮಕ್ಕೆ ಮೊದಲು, ಹೊಸದು ನಂತರ ಎಂದುಬಿಟ್ಟರು. ರೇಡಿಯೋದವನು ಅದನ್ನು ಬಿಡಿಸಿ ಹೇಳಿದನಂತೆ. ನೀನು ಎಷ್ಟೇ ದನಿ ತಗ್ಗಿಸಿದರೂ ಅಷ್ಟು ಕೇಳಿಸಿಕೊಂಡಿರುತ್ತೀಯ.

ಇನ್ನು ಸಭಾಂಗಣದ ಕಥೆ ಕೇಳು, ಮೈಕುಗಳೆಲ್ಲ ನಮ್ಮ ಕಡೆಗಿದ್ದವು, ಅದು ನಿನಗೆ ಕೇಳಿಸಿರಲಾರದು. ಹೊಸದು ಶುರುವಾಗಿ ಐದು ನಿಮಿಷವಾಗಿತ್ತೋ ಇಲ್ಲವೋ, ಮುಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಆಮೇಲೆ ಮಡಿಚುವ ಕುರ್ಚಿಗಳ ಧಡ್ ಧಡ್ ಶುರುವಾಯಿತು. ಅದೂ ಕೃತಿಯಲ್ಲೇ ಬರೆದಿದೆಯೇನೋ ಎನ್ನುವಷ್ಟು ಹೊಂದುತ್ತಿತ್ತು. ಮೂರನೇ ಸಾಲಿನಲ್ಲಿ ಒಬ್ಬ ನಗಲು ಶುರುಮಾಡಿದ. ತಡೆಯಲಾರದೆ ಕರವಸ್ತ್ರ ಬಾಯಿಗೆ ತುರುಕಿಕೊಂಡ. ಹೆಂಡತಿ ಅವನ ತೊಡೆ ಚಿವುಟುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೆ ಅವನ ಕಣ್ಣಿನಲ್ಲಿ ನಗು ಇರಲಿಲ್ಲ ಅಪ್ಪ, ಹೆದರಿಕೆ ಇತ್ತು. ಬಾಲ್ಕನಿಯಿಂದ ಯಾರೋ, "ಮೊದ್ಲು ಶ್ರುತಿ ಮಾಡ್ಕೊಂಡು ಬನ್ರಪ್ಪಾ!" ಎಂದು ಕೂಗಿದರು. ನನಗೆ ನೀನೇ ನೆನಪಾದೆ.

ಎಲ್ಲ ಮುಗಿಸಿ ಹಿಂದಿನ ಬಾಗಿಲಿನಿಂದ ಹೊರಗೆ ಬಂದರೆ ಒಬ್ಬ ಹೆಂಗಸು ನಿಂತಿದ್ದರು. ನನ್ನ ವಯಲಿನ್ ಪೆಟ್ಟಿಗೆ ನೋಡಿ ಹತ್ತಿರ ಬಂದರು. ಮುಖವೆಲ್ಲ ಒದ್ದೆ. "ನನಗೆ ಇದು ಇಷ್ಟ ಆಗ್ಲಿಲ್ಲಮ್ಮ. ಆದ್ರೆ ಆವಾಗಿಂದ ಅಳು ನಿಲ್ತಾನೇ ಇಲ್ಲ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?" ಎಂದರು. ನನಗೆಲ್ಲಿ ಗೊತ್ತು? ಅವರ ಕೈ ಹಿಡಿದುಕೊಂಡು ನಿಂತೆ. ಆಮೇಲೆ ಬಸ್ಸು ಬಂತು, ಅವರು ಹೋದರು.

ಕೃತಿ ಬರೆದವಳು ನನ್ನ ವಯಸ್ಸಿನ ಹುಡುಗಿ. ಅವತ್ತಿನಿಂದ ಯಾರ ಜೊತೆಗೂ ಮಾತಾಡಿಲ್ಲ. ನಿನ್ನ ಪತ್ರವನ್ನು ಅವಳಿಗೆ ತೋರಿಸಬೇಕು. ಅದರಲ್ಲಿ ನಿನಗೆ ಏನು ಹಿಡಿಸಿತು? ವಿವರವಾಗಿ ಬರೆ. "ಚೆನ್ನಾಗಿತ್ತು" ಎಂದು ಒಂದೇ ಮಾತಿನಲ್ಲಿ ತಪ್ಪಿಸಿಕೊಳ್ಳಬೇಡ.

ಗುಬ್ಬಿ


ಮಾರ್ಚ್ 24

ಗುಬ್ಬೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕಥೆ ಸೊಗಸಾಗಿ ಕಟ್ಟಿದ್ದೀಯ. ಕರವಸ್ತ್ರ ತುರುಕಿಕೊಂಡವನಂತೂ ಕಣ್ಣಿಗೆ ಕಟ್ಟಿದ. ಬಾಲ್ಕನಿಯಿಂದ ಹಾಗೆ ಕೂಗಿಸಿದ್ದು ಮಾತ್ರ ಸ್ವಲ್ಪ ಅತಿಯಾಯಿತು, ಅಲ್ಲಿ ನಿನ್ನ ಕೈ ಜಾರಿದೆ.

ನಿನ್ನ ಅತ್ತೆ ಫೋನು ಮಾಡಿ ಎಲ್ಲ ಹೇಳಿದ್ದಾಳೆಂದು ನನಗೆ ಗೊತ್ತು. ಕೇಳಿದರೆ ಇಲ್ಲ ಎಂದು ಆಣೆ ಹಾಕುತ್ತಾಳೆ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿರುವ ಸಂಗತಿ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೌದು, ನಾನು ಕೆಲಸ ಬಿಟ್ಟೆ. ಚಳಿಗಲ್ಲ, ಬೆನ್ನಿಗಲ್ಲ. ನನ್ನ ಕಿವಿ ಹೋಗಿದೆ.

ಕೆಲವು ತಿಂಗಳಿನಿಂದ ಅನುಮಾನವಿತ್ತು. ಶ್ರುತಿ ಮಾಡಿ ಬಂದ ಎರಡು ಮನೆಯವರು ಮತ್ತೆ ಕರೆಸಿದರು. ರೇಡಿಯೋದಲ್ಲಿ ಮಾತಿನವನ ಮಾತು ಗಿಜಿಗಿಜಿ ಎನ್ನುತ್ತಿತ್ತು, ಅದಕ್ಕೇ ದನಿ ತಗ್ಗಿಸುವುದನ್ನು ರೂಢಿ ಮಾಡಿಕೊಂಡೆ, ಸೊಕ್ಕಿಗಲ್ಲ. ಆದರೂ ಸಂಗೀತ ಕೇಳಿ ಪರೀಕ್ಷಿಸಿಕೊಳ್ಳುವ ಧೈರ್ಯ ಬಂದಿರಲಿಲ್ಲ. ನಿನ್ನ ಪತ್ರ ಬಂದ ಮೇಲೆ, ದೋಣಿಯೊಂದನ್ನು ಕೇಳಿಬಿಡೋಣ, ಅದು ಸರಿಯಾಗಿ ಕೇಳಿದರೆ ಎಲ್ಲ ಸರಿ ಇದ್ದ ಹಾಗೆ ಎಂದುಕೊಂಡೆ. ಕೇಳಿದ್ದೇನು? ಮರ ಸೀಳಿದ ಸದ್ದು, ತುಕ್ಕಿನ ಸದ್ದು, ಸ್ವರಗಳು ಒಂದರ ಕಾಲನ್ನೊಂದು ತುಳಿಯುವ ಸದ್ದು. ತಾಳವೂ ಸಿಗಲಿಲ್ಲ. ಇದರಲ್ಲಿ ದೋಣಿ ಎಲ್ಲಿದೆ, ನನ್ನ ಮಗಳು ಎಲ್ಲಿದ್ದಾಳೆ ಎಂದು ಹುಡುಕಿ ಹುಡುಕಿ ಬೆವತುಹೋದೆ. ಮುಗಿದಾಗ ನಿನ್ನ ಅತ್ತೆಯನ್ನು, "ಹೇಗಿತ್ತೇ ಅಕ್ಕ?" ಎಂದು ಕೇಳಿದೆ. ಹೆಣಿಗೆಯಿಂದ ತಲೆ ಎತ್ತದೆ, "ಚೆನ್ನಾಗಿತ್ತಲ್ಲೋ, ನಮ್ಮ ಹುಡುಗಿ ನುಡಿಸಿದ್ದು" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಒಳಹಲಗೆ ಸೀಳಿದ ಪಿಯಾನೋ ಇನ್ನು ಶ್ರುತಿ ಹಿಡಿಯುವುದಿಲ್ಲ ಎಂದು ಮುಚ್ಚಳ ತೆಗೆದ ಕೂಡಲೇ ತಿಳಿಯುತ್ತದೆ. ಎದುರಿಗೆ ಮನೆಯಾಕೆ ನಮ್ಮ ಮುಖವನ್ನೇ ನೋಡುತ್ತ ನಿಂತಿರುತ್ತಾಳೆ. "ಪಿಯಾನೋದ್ದೇನೂ ತಪ್ಪಿಲ್ಲಮ್ಮ, ಈ ವರ್ಷದ ಹವಾ ಹಾಗಿದೆ" ಎನ್ನುತ್ತೇವೆ. ಇದನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ಶಾಲೆಗೆ ರಜೆಯಿದ್ದಾಗ ನನ್ನ ಜೊತೆ ಬರುತ್ತಿದ್ದ ನೀನು ಎಲ್ಲ ಕೇಳಿಸಿಕೊಂಡಿದ್ದೀಯ. ಈಗ ನನಗೇ ಹೇಳುತ್ತಿದ್ದೀಯ, ಕಿವಿಯದ್ದೇನೂ ತಪ್ಪಿಲ್ಲಪ್ಪ, ಕೃತಿಯೇ ಹಾಗಿದೆ ಎಂದು. ನನಗಿಂತ ಚೆನ್ನಾಗಿ ಹೇಳಿದ್ದೀಯ. ಆ ಅಳುವ ಹೆಂಗಸನ್ನು ನನಗೋಸ್ಕರ ಹುಟ್ಟಿಸಿದೆಯಲ್ಲ, ಓದಿ ಕಣ್ಣು ತುಂಬಿತು.

ಶ್ರುತಿ ಮಾಡುವ ಕೀಲಿಯನ್ನೂ ಗಿರಾಕಿಗಳ ವಿಳಾಸಗಳನ್ನೂ, ಯಂತ್ರ ನೋಡಿ ಶ್ರುತಿ ಮಾಡುತ್ತಾನಲ್ಲ, ಆ ಯಂತ್ರದವನಿಗೆ ಕೊಟ್ಟೆ. ಕಿವಿಯನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ ಎಂದು ನಾನು ಆಡಿಕೊಳ್ಳುತ್ತಿದ್ದೆನಲ್ಲ, ಅವನಿಗೇ. ಈಗ ಅವನ ಜೇಬಿನ ಕಿವಿ ನನ್ನದಕ್ಕಿಂತ ವಾಸಿ.

ಅಪ್ಪ


ಮಾರ್ಚ್ 28

ಅಪ್ಪಾ,

ಅಯ್ಯೋ ದೇವರೇ. ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅತ್ತೆ ನನಗೆ ಏನೂ ಹೇಳಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಗಿಹಿಡಿದಿದ್ದಾಳೆ, ಅದಕ್ಕೂ ಅವಳಿಗೆ ಬೈಗುಳವೇ! ನೀನು ಕೇಳಿದ್ದು ದೋಣಿ ಅಲ್ಲ. ಮರ ಸೀಳಿದ ಸದ್ದು ಎಂದೆಯಲ್ಲ, ಅದು ನಾವೆಲ್ಲ ಕಮಾನಿನ ಹಿಂಬದಿಯ ಕಡ್ಡಿಯಿಂದ ತಂತಿ ಬಡಿಯುವ ಜಾಗ. ತುಕ್ಕು ಎಂದದ್ದು, ಟ್ರಂಪೆಟ್ಟಿನವರು ಸ್ವರ ಬಿಟ್ಟು ಬರೀ ಉಸಿರು ಊದುವುದು. ಕಾಲು ತುಳಿದದ್ದು ನಮ್ಮ ಇಳಿಸಿದ ತಂತಿಗಳು. ಬರೆದಿದ್ದು ಬರೆದ ಹಾಗೆ ಕೇಳಿಸಿದೆ ನಿನಗೆ! ಅಲ್ಲಿದ್ದ ಯಾರಿಗೂ ಅಷ್ಟು ಸರಿಯಾಗಿ ಕೇಳಿಸಿರಲಾರದು.

ಇದರ ಜೊತೆ ಪತ್ರಿಕೆಯ ತುಣುಕು ಇಟ್ಟಿದ್ದೇನೆ. ವಿಮರ್ಶಕ ನಮ್ಮನ್ನು ಹಿಗ್ಗಾಮುಗ್ಗಾ ಝಾಡಿಸಿದ್ದಾನೆ. ಎದ್ದುಹೋದವರ ವಿಷಯ, ಬಾಲ್ಕನಿಯ ಕೂಗು, ಕ್ರಮ ಬದಲಾದದ್ದು, ಎಲ್ಲ ಇದೆ. ಬೇಕಾದರೆ ಪತ್ರಿಕೆಯನ್ನೂ ನಾನೇ ಅಚ್ಚು ಹಾಕಿಸಿದೆ ಎನ್ನು. ಅತ್ತೆಯನ್ನು ಇನ್ನೊಮ್ಮೆ ಕೇಳು. ನಿಜವಾಗಿ ಹೇಗಿತ್ತು ಎಂದು ಗದರಿಸಿ ಕೇಳು.

ಇನ್ನೂ ಒಂದಿದೆ. ಜನರ ಬೈಗುಳ ತಾಳಲಾರದೆ ಆಡಳಿತದವರು ಮುಂದಿನ ಕಾರ್ಯಕ್ರಮದಿಂದ ಹೊಸ ಕೃತಿಯನ್ನು ಕಿತ್ತುಹಾಕಿದ್ದಾರೆ. ಏಪ್ರಿಲ್ ಹನ್ನೊಂದು, ಭಾನುವಾರ, ಬರೀ ದೋಣಿ. ರೇಡಿಯೋದಲ್ಲೂ ಅದೇ. ಅದನ್ನು ಬರೆದ ಹುಡುಗಿಗೆ ಬಾಗಿಲಿನಲ್ಲೇ ಸುದ್ದಿ ಹೇಳಿ ಕಳಿಸಿದರು. ನನಗೆ ಪಾಪ ಅನಿಸಿದರೂ ಸ್ವಾರ್ಥಿಯಾಗಿ ಸಂತೋಷಪಟ್ಟೆ. ಈ ಸಲ ಕ್ರಮ ಬದಲಾಗುವ ಭಯವಿಲ್ಲ. ಕೇಳು, ಸಮಾಧಾನ ಮಾಡಿಕೋ. ಯಂತ್ರದವನ ಹತ್ತಿರ ಹೋಗಿ ನಿನ್ನ ಕೀಲಿ ಇಸಿದುಕೊಂಡು ಬಾ. ಅವನು ಕೊಡದಿದ್ದರೆ ನಾನೇ ಬಂದು ಜಗಳವಾಡುತ್ತೇನೆ.

ಗುಬ್ಬಿ


ಏಪ್ರಿಲ್ 15

ಅಪ್ಪಾ,

ಹನ್ನೊಂದು ಕಳೆಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ಅತ್ತೆಗೆ ಫೋನು ಮಾಡಿದರೆ, "ಅಪ್ಪ ಮಲಗಿದಾನೆ ಕಣೇ" ಎನ್ನುತ್ತಾಳೆ. ಮಟಮಟ ಮಧ್ಯಾಹ್ನ ಯಾವ ನಿದ್ದೆ? ಸೋತೆ ಎಂದು ಒಪ್ಪಿಕೊಳ್ಳಲು ಮುಖವಿಲ್ಲದೆ ಅಡಗಿ ಕೂತಿದ್ದೀಯ, ನನಗೆ ಗೊತ್ತು. ಹೋಗಲಿ, ನಾನೇನೂ ಆಡಿಕೊಳ್ಳುವುದಿಲ್ಲ. ಇಲ್ಲವಾದರೆ ಬಿಟ್ಟ ಕೆಲಸವನ್ನೆಲ್ಲ ಒಟ್ಟಿಗೆ ಹಚ್ಚಿಕೊಂಡು ಮನೆಮನೆ ಸುತ್ತುತ್ತಿರಬೇಕು.

ದೋಣಿ ಚೆನ್ನಾಗಿ ಬಂತು ಅಪ್ಪ. ನಿಧಾನದ ಭಾಗದಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ನಿನಗೆಂದೇ ನುಡಿಸಿದೆ. ನನ್ನ ಕಮಾನು ಸಿಕ್ಕಿತೋ ಇಲ್ಲವೋ, ಅಷ್ಟಾದರೂ ಬರೆ.

ಗುಬ್ಬಿ


ಏಪ್ರಿಲ್ 20

ಗುಬ್ಬೀ,

ತಡವಾಯಿತು. ಬರೆಯಲು ಕೂರುವುದು, ಏಳುವುದು, ಹೀಗೇ ಆಯಿತು.

ಮೊದಲು ನಿನ್ನ ಗೆಲುವನ್ನು ನಿನಗೆ ಕೊಟ್ಟುಬಿಡುತ್ತೇನೆ. ಪತ್ರಿಕೆಯ ತುಣುಕನ್ನು ನಿನ್ನ ಅತ್ತೆಯ ಮುಂದೆ ಹಿಡಿದು ಗದರಿಸಿದೆ. ಹೆಣಿಗೆ ಕೆಳಗಿಟ್ಟು ಅತ್ತೇಬಿಟ್ಟಳು. "ಕಿವಿ ಕಿತ್ತು ಬರೋ ಹಾಗಿತ್ತು ಕಣೋ. ಹುಡುಗಿ ನುಡಿಸಿದ್ದನ್ನ ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ? ನೀನು ಅಷ್ಟು ಶ್ರದ್ಧೆಯಿಂದ ಕೂತಿದ್ದೆ, ನಿನಗೆ ಇಷ್ಟ ಆಗಿದೆ ಅಂದ್ಕೊಂಡೆ" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅಷ್ಟು ನಕ್ಕು ಬಹಳ ಕಾಲವಾಗಿತ್ತು. ಅವತ್ತೇ ಯಂತ್ರದವನ ಮನೆಗೆ ಹೋದೆ. ಪಾಪ, ಅವನು ಕೀಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಾಗೇ ಇಟ್ಟಿದ್ದ. "ನೀವು ವಾಪಸ್ ಬರ್ತೀರ ಅಂತ ಗೊತ್ತಿತ್ತು ಸಾರ್" ಎಂದ. ಅದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ನಡೆದೇ ಮನೆಗೆ ಬಂದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಹೇಳಿದೆ. ದೋಣಿ ಕೇಳಿದ ಮೇಲೇ ಕೆಲಸ ಶುರುಮಾಡಬೇಕೆಂದು ತಡೆದುಕೊಂಡೆ.

ಭಾನುವಾರ ಕೂತೆವು. ಶುರುವಾಯಿತು. ನಿನ್ನ ಅತ್ತೆ ಕಣ್ಣು ಮುಚ್ಚಿ ತೂಗತೊಡಗಿದಳು. ಅವಳ ಕೈ ತೊಡೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಆ ಕೈ ನೋಡಿ, ಇದು ನಿಧಾನದ ಭಾಗ ಇರಬೇಕು, ಈಗ ವಯಲಿನ್‌ಗಳು ಏರುವ ಜಾಗ ಬಂದಿರಬೇಕು ಎಂದು ಲೆಕ್ಕ ಹಾಕಿಕೊಂಡೆ. ತಾಳ ಸಿಕ್ಕಿತು ಗುಬ್ಬಿ, ಅದೊಂದು ಸಿಕ್ಕಿತು. ಸ್ವರ ಅವತ್ತಿನ ಹಾಗೇ ಇತ್ತು. ಅದೇ ತುಕ್ಕು, ಅದೇ ಕಾಲ್ತುಳಿತ. ನೀನು ಹೇಳಿದ್ದೂ ನಿಜ, ನಾನು ತಿಳಿದದ್ದೂ ನಿಜ. ಆ ಹೊಸ ಕೃತಿಯೂ ದೋಣಿಯೂ ನನಗೆ ಒಂದೇ ಆಗಿ ಕೇಳಿಸಿದವು.

ಮಾರನೆಯ ದಿನ ಶಾಲೆಯ ಪಿಯಾನೋ ಮುಂದೆ ಕೂತು ಒಂದೇ ಸ್ವರ ಕೊಡುವ ಶ್ರುತಿಕವೆಯನ್ನು ಮಂಡಿಗೆ ಬಡಿದು ಎಡಗಿವಿಗೆ ಹಿಡಿದೆ. ಆಮೇಲೆ ಬಲಗಿವಿಗೆ ಹಿಡಿದೆ. ಒಂದೇ ಕವೆ ಎರಡು ಸ್ವರ ಹೇಳಿತು. ಎರಡೂ ಕಿವಿ ಒಟ್ಟಿಗೆ ಕೇಳಿದಾಗ ಅವು ಜಗಳವಾಡುತ್ತವೆ. ಕಿವಿಯ ಡಾಕ್ಟರ ಹತ್ತಿರವೂ ಹೋದೆ. ಗುಂಡಿ ಕೊಟ್ಟು, ಸದ್ದು ಬಂದಾಗಲೆಲ್ಲ ಒತ್ತಿ ಎಂದರು. ಎಲ್ಲಕ್ಕೂ ಒತ್ತಿದೆ. "ವಯಸ್ಸಿಗೆ ಹೋಲಿಸಿದ್ರೆ ಚೆನ್ನಾಗೇ ಕೇಳ್ಸುತ್ತಲ್ಲ ನಿಮಗೆ" ಎಂದರು. ಸ್ವರ ಸರಿಯಾಗಿ ಕೇಳಿಸುತ್ತಿಲ್ಲ ಎಂದೆ. ಅದಕ್ಕೆ ಔಷಧಿ ಇಲ್ಲ, ಅಭ್ಯಾಸ ಮಾಡಿಕೊಳ್ಳಿ ಎಂದರು. ಒಳ್ಳೆಯ ಮನುಷ್ಯ. ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಕೀಲಿಯನ್ನು ಮತ್ತೆ ಯಂತ್ರದವನಿಗೆ ಕೊಟ್ಟು ಬಂದಿದ್ದೇನೆ. ಈ ಸಲ ಅವನು ಅದನ್ನು ಬಟ್ಟೆಯಲ್ಲಿ ಸುತ್ತಲಿಲ್ಲ.

ಎದ್ದುಹೋದ ಆ ಜನರನ್ನು ನಾನೀಗ ತುಂಬ ನೆನೆಯುತ್ತೇನೆ. ಅವರಿಗೆ ಸಿಟ್ಟು ಬಂದದ್ದು, ನಗು ಬಂದದ್ದು, ಎಲ್ಲ ಅರ್ಥವಾಗುತ್ತದೆ. ಹೊರಗೆ ಬಂದರೆ ಅವರಿಗೆ ಬೀದಿ ಬೀದಿಯ ಹಾಗೇ ಕೇಳಿಸಿತು, ಅದೇ ಪುಣ್ಯ. ಆ ಹುಡುಗಿಗೆ ಹೇಳು, ಅವಳು ಬರೆದದ್ದನ್ನು ಒಬ್ಬ ಮುದುಕ ಮನೆಯಲ್ಲಿ ದಿನವೂ ಕೇಳುತ್ತಿದ್ದಾನೆ ಎಂದು. ಬೇಡ, ಹೇಳಬೇಡ, ನೊಂದುಕೊಳ್ಳುತ್ತಾಳೆ.

ನಿನ್ನಲ್ಲಿ ಕೇಳುವುದು ಒಂದೇ. ರೇಡಿಯೋದಲ್ಲಿ ಏನೇ ನುಡಿಸುವುದಿದ್ದರೂ ಅದರ ಹೆಸರನ್ನು ಮೊದಲೇ ಬರೆದು ತಿಳಿಸು. ಹೆಸರು ಗೊತ್ತಿದ್ದರೆ, ರೇಡಿಯೋದ ದನಿಯನ್ನು ಪೂರ್ತಿ ಇಳಿಸಿ, ನೆನಪಿನಿಂದಲೇ ಕೇಳಿಕೊಳ್ಳುತ್ತೇನೆ. ನಿನ್ನ ಕಮಾನು ಸಿಗಲಿಲ್ಲ ಮಗಳೇ. ಬಹಳ ಹುಡುಕಿದೆ.

ಅಪ್ಪ


ಏಪ್ರಿಲ್ 23

ಅಪ್ಪಾ,

ಈ ಪತ್ರ ನನಗಿಂತ ಮೊದಲು ತಲುಪುತ್ತದೋ ಇಲ್ಲವೋ. ನಾಲ್ಕು ಸಲ ಬರೆದು ಹರಿದುಹಾಕಿದೆ.

ಕಂಡಕ್ಟರ ಹತ್ತಿರ ರಜೆ ಕೇಳಿದೆ, ಕೊಟ್ಟರು. ನಾಳೆ ಬೆಳಗಿನ ರೈಲಿಗೆ ಹೊರಡುತ್ತಿದ್ದೇನೆ. ಬಟ್ಟೆ ತುಂಬಿದ್ದಾಯಿತು, ಅತ್ತೆಗೆ ಉಲ್ಲನ್ ತೆಗೆದುಕೊಂಡದ್ದಾಯಿತು.

ವಯಲಿನ್ ತರಲೋ ಬೇಡವೋ, ಅದೊಂದು ತಿಳಿಯುತ್ತಿಲ್ಲ. ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಡುತ್ತೇನೆ, ಮತ್ತೆ ಒಳಗೆ ತಂದಿಡುತ್ತೇನೆ.

ಗುಬ್ಬಿ